ವಾರ್ಧಕ್ಯವೂ ಆಕರಕೋಶ ಚಿಕಿತ್ಸೆಯೂ

ಅಮೆರಿಕದ ಮ್ಯಾಸಚೂಸೆಟ್ಸ್ ವೈದ್ಯಸಂಘವು ಹೊರಡಿಸುವ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯ 2017ರ ಮಾರ್ಚ್ 16ರ ಸಂಚಿಕೆಯಲ್ಲಿ ಎರಡು ಲೇಖನಗಳು ಒಂದರ ಬೆನ್ನಿಗೊಂದಾಗಿ ಅಚ್ಚಾದುವು. ಎರಡರ ವಿಷಯವೂ ಒಂದೇ ರೋಗ. ಎರಡರಲ್ಲಿಯೂ ರೋಗಿಗಳು ವೃದ್ಧರು. ಎರಡರಲ್ಲಿಯೂ ಚಿಕಿತ್ಸೆಯ ಹೆಸರು ಆಕರಕೋಶ ಚಿಕಿತ್ಸೆ, ಎಂದರೆ ನಮ್ಮ ಆಸ್ಪತ್ರೆಗಳೂ ಜಾಹೀರಾತುಗಳೂ ಸ್ಟೆಮ್ ಸೆಲ್ ಚಿಕಿತ್ಸೆ ಎಂದು ಕರೆಯುವುದು. ಇಷ್ಟು ಸಾಮ್ಯವುಳ್ಳ ಆ ಎರಡು ವೃತ್ತಾಂತಗಳ ಫಲಗಳಿಗಾದರೋ ಅಜಗಜಾಂತರವಿದ್ದಿತು. ಮುಪ್ಪಿನ ವಿಷಯದಲ್ಲಿ ವಿಜ್ಞಾನವು ಜನರಿಗೆ ಏನನ್ನು ಕೊಡಬಲ್ಲುದು, ವಿಜ್ಞಾನದ ಹೆಸರಿನಲ್ಲಿ ಜನರಿಂದ ಏನನ್ನು ಕಿತ್ತುಕೊಳ್ಳಲಾಗುತ್ತಿದೆ ಎಂಬುದನ್ನು ತಿಳಿಯಬಯಸುವವರು ಆ ಎರಡನ್ನೂ ಜೊತೆಯಲ್ಲಿಟ್ಟು ಓದತಕ್ಕದ್ದು.

ರೋಗವು ಕಣ್ಣಿನದು. ಅಕ್ಷಿಪಟಲದ ನಡುಭಾಗದಲ್ಲಿ, ಅಕ್ಷರವನ್ನೋದುವುದಕ್ಕೂ ಎದುರಿಗಿರುವವರ ಮುಖವನ್ನು ಗುರುತಿಸುವುದಕ್ಕೂ ಆಧಾರವಾದ ಮ್ಯಾಕ್ಯುಲಾ ಎಂಬ ಕಿರಿದಾದ ಪ್ರದೇಶವೊಂದಿದೆ. ಅದರ ಹಿಂದೆ ವರ್ಣಕವನ್ನು ಧರಿಸಿದ ಕೋಶಗಳ ಒಂದೇ ಒಂದು ಪದರವು ಹಾಸಿಕೊಂಡು, ಬೆಳಕನ್ನು ಗ್ರಹಿಸುವ ಕೋಶಗಳನ್ನು ಪೋಷಿಸುತ್ತ, ಅವು ಕಳಚಿದ ಕಲ್ಮಷವನ್ನು ನುಂಗಿ ಅರಗಿಸುತ್ತ, ಆಯುಷ್ಯವಿಡೀ ದುಡಿಯುತ್ತಿರುವುದು. ವಯಸ್ಸೇರಿದಂತೆ ಕೆಲವರಲ್ಲಿ ಈ ಪದರವು ಕ್ಷಯಿಸಿ, ನೋಟದ ನಡುವೆ ಕಪ್ಪು ಮಚ್ಚೆಯೊಂದು ನಿಂತುಬಿಡುವುದು. ಜಪಾನಿನ ಕೋಬೆ ನಗರದ ರೈಕೆನ್ ಸಂಸ್ಥೆಯಲ್ಲಿದ್ದ ನೇತ್ರವಿಜ್ಞಾನಿ ಮಸಾಯೊ ತಕಹಾಶಿಯವರೂ ಅವರ ಸಹೋದ್ಯೋಗಿಗಳೂ ಈ ರೋಗಕ್ಕೆ ತುತ್ತಾಗಿದ್ದ 77 ವರ್ಷದ ವೃದ್ಧೆಯೊಬ್ಬರ ತೊಗಲಿನಿಂದ ಕೋಶಗಳನ್ನು ತೆಗೆದು, ಅವನ್ನು ಭ್ರೂಣದ ಕೋಶಗಳಿಗೆ ಸಮಾನವಾದ ಸ್ಥಿತಿಗೆ ಹಿಂದಿರುಗಿಸಿ, ಅಲ್ಲಿಂದ ಮತ್ತೆ ಮುಂದಕ್ಕೆ ವರ್ಣಕಕೋಶಗಳನ್ನಾಗಿ ಬೆಳೆಸಿ, 1.3 ಮಿಲಿಮೀಟರ್ ಅಗಲವೂ 3 ಮಿಲಿಮೀಟರ್ ಉದ್ದವೂ ಉಳ್ಳ ತೆಳು ಹಾಳೆಯೊಂದನ್ನು ಸಿದ್ಧಪಡಿಸಿ, 2014ರ ಸೆಪ್ಟೆಂಬರಿನಲ್ಲಿ ಒಂದೇ ಕಣ್ಣಿನ ಅಕ್ಷಿಪಟಲದ ಅಡಿಗೆ ಅದನ್ನು ಸೇರಿಸಿದರು. ವರ್ಷ ಕಳೆದ ಮೇಲೆ ನೋಡಿದಾಗ ಹಾಳೆಯು ಇಟ್ಟಲ್ಲಿಯೇ ಅಖಂಡವಾಗಿದ್ದಿತು. ದೃಷ್ಟಿಯು ಸುಧಾರಿಸಲಿಲ್ಲ, ಕೆಡಲೂ ಇಲ್ಲ. ಎರಡನೆಯ ರೋಗಿಗಾಗಿಯೂ ಹಾಳೆಯು ಸಿದ್ಧವಾಗುತ್ತಿದ್ದಿತು. ಆದರೆ ಆತನ ಕೋಶಗಳ ವಂಶವಾಹಿಗಳಲ್ಲಿ ಕೆಲವು ಮಾರ್ಪಾಡುಗಳು ಕಂಡುಬಂದುದರಿಂದ ಆ ಶಸ್ತ್ರಚಿಕಿತ್ಸೆಯನ್ನು ಕೈಬಿಟ್ಟರು.

ಎರಡನೆಯ ಲೇಖನವು ಫ್ಲಾರಿಡಾ ಪ್ರಾಂತದ್ದು. 72ರಿಂದ 88 ವರ್ಷ ವಯಸ್ಸಿನ ಮೂವರು ಸ್ತ್ರೀಯರು, ಅದೇ ರೋಗದಿಂದ ನೋಟವು ಮಂದವಾಗಿದ್ದರೂ ಇನ್ನೂ ಪೂರ್ಣವಾಗಿ ಕಳೆದುಹೋಗಿರದಿದ್ದವರು, ಖಾಸಗಿ ಚಿಕಿತ್ಸಾಲಯವೊಂದಕ್ಕೆ ತಲಾ 5,000 ಡಾಲರ್ ತೆತ್ತು, ತಮ್ಮ ದೇಹದ ಕೊಬ್ಬಿನಿಂದಲೇ ತೆಗೆದ ಕೋಶಗಳನ್ನು ಒಂದೇ ದಿನ ಎರಡು ಕಣ್ಣುಗಳಿಗೂ ಸೂಜಿಯ ಮೂಲಕ ಹಾಕಿಸಿಕೊಂಡರು. ಪ್ರಯೋಗಗಳ ಸರ್ಕಾರಿ ನೋಂದಣಿಪಟ್ಟಿಯಲ್ಲಿ ಆ ಚಿಕಿತ್ಸೆಯ ಹೆಸರಿದ್ದುದು ಅವರ ನಂಬಿಕೆಗೆ ಒಂದು ಕಾರಣ. ಬಹುಬೇಗನೆ ರಕ್ತಸ್ರಾವವಾಯಿತು, ಅಕ್ಷಿಪಟಲಗಳು ಕಳಚಿಕೊಂಡುವು. ವರ್ಷದ ಹೊತ್ತಿಗೆ ಆ ಕಣ್ಣುಗಳ ಸ್ಥಿತಿಯು, ಕಾನೂನು ಯಾವುದನ್ನು ಕುರುಡು ಎನ್ನುವುದೋ ಆ ಮಟ್ಟದಿಂದ ಹಿಡಿದು, ಬೆಳಕಿನ ಅರಿವೇ ಇಲ್ಲದ ಮಟ್ಟದವರೆಗೆ ಇಳಿದಿದ್ದಿತು.

ಒಂದು ಕಡೆ, ಸಂದೇಹ ಬಂದೊಡನೆ ಸಿದ್ಧವಾಗುತ್ತಿದ್ದುದನ್ನೂ ಬಳಸದೆ ಹಿಂದೆ ಸರಿದ ಸಂಯಮ. ಇನ್ನೊಂದು ಕಡೆ, ಒಂದು ಕಣ್ಣಿನ ಫಲವೇನಾಗುವುದೆಂದು ಕಾಯುವಷ್ಟೂ ತಾಳ್ಮೆಯಿಲ್ಲದ ದುಡುಕು. ಆಕರಕೋಶಗಳಿಂದ ಮುಪ್ಪಿನ ಕೆಲವು ರೋಗಗಳು ಗುಣವಾಗಬಹುದೆಂಬ ಆಸೆಯು ಸುಳ್ಳಲ್ಲ. ಆದರೆ ಆ ಆಸೆಯು ಫಲಿಸತಕ್ಕುದು ಯಾವ ಕೋಶ, ಯಾವ ಸ್ಥಾನ, ಯಾವ ಕಾರ್ಯ ಎಂಬ ಮೂರನ್ನೂ ನಿಶ್ಚಯವಾಗಿ ಬಲ್ಲವರ ಕೈಯಲ್ಲಿ ಮಾತ್ರವೇ ಹೊರತು, ರಕ್ತನಾಳಕ್ಕೆ ಕೋಶಗಳನ್ನು ಹರಿಸಿ ಯೌವನವನ್ನು ಮರಳಿಸುತ್ತೇವೆಂದು ಸಾರುವವರ ಕೈಯಲ್ಲಿ ಅಲ್ಲ ಎಂಬುದೇ ಈ ಬರಹದ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಹೇಳಬೇಕಾದರೆ ಈ ಕೋಶಗಳ ಸ್ವಭಾವವನ್ನು ಕೊಂಚ ವಿವರಿಸಬೇಕಾಗುವುದು.

ನಮ್ಮ ದೇಹದ ಕೋಶಗಳಲ್ಲಿ ಬಹುಪಾಲು ಒಂದೊಂದು ಉದ್ಯೋಗಕ್ಕೆ ನಿಯತವಾದವುಗಳು. ರಕ್ತದ ಕೆಂಪುಕಣವು ಪ್ರಾಣವಾಯುವನ್ನು ಹೊರುವುದಲ್ಲದೆ ಬೇರೇನನ್ನೂ ಅರಿಯದು, ಮತ್ತು ಸುಮಾರು 120 ದಿನಗಳಲ್ಲಿ ಅದರ ಆಯುಷ್ಯವು ತೀರುವುದು. ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕೆಂಪುಕಣಗಳು ಹುಟ್ಟಿದರೆ ಮಾತ್ರ ಮನುಷ್ಯನು ಬದುಕಿಯಾನು. ಇವೆಲ್ಲವೂ ಎಲ್ಲಿಂದ ಬರುತ್ತವೆ? ಅಸ್ಥಿಮಜ್ಜೆಯಲ್ಲಿ ಅಡಗಿರುವ, ತಾವು ಯಾವ ಉದ್ಯೋಗಕ್ಕೂ ಕಟ್ಟುಬೀಳದೆ, ಒಡೆದಾಗಲೆಲ್ಲ ತಮ್ಮಂಥದೊಂದನ್ನು ಉಳಿಸಿಕೊಂಡು ಮತ್ತೊಂದನ್ನು ದುಡಿಮೆಗೆ ಕಳುಹಿಸಬಲ್ಲ ಕೆಲವೇ ಕೋಶಗಳಿಂದ, ಇವೇ ಆಕರಕೋಶಗಳು. ಕರುಳಿನ ಒಳಪದರವು ನಾಲ್ಕೈದು ದಿನಗಳಿಗೊಮ್ಮೆ ಹೊಸದಾಗುವುದೂ ಸುಟ್ಟ ತೊಗಲು ಮತ್ತೆ ಮೂಡುವುದೂ ಆಯಾ ಅಂಗದಲ್ಲಿರುವ ಇಂಥ ಕೋಶಗಳಿಂದಲೇ. ಮಿದುಳಿನಲ್ಲಿಯೂ ಹೃದಯದಲ್ಲಿಯೂ ಈ ಶಕ್ತಿಯು ಅತ್ಯಲ್ಪ. ಪಾರ್ಕಿನ್ಸನ್ ರೋಗಿಯ ಮಿದುಳಾಗಲಿ ಹೃದಯಾಘಾತವಾದವರ ಹೃದಯವಾಗಲಿ ತನ್ನನ್ನು ತಾನು ದುರಸ್ತಿಮಾಡಿಕೊಳ್ಳಲಾರದುದಕ್ಕೆ ಇದೇ ಕಾರಣ.

ಈ ವಿಷಯದ ಇತಿಹಾಸದಲ್ಲಿ 1961 ಒಂದು ವಿಶೇಷವಾದ ವರ್ಷ. ಕೆನಡಾದ ಟೊರಾಂಟೊ ನಗರದಲ್ಲಿ ಜೇಮ್ಸ್ ಟಿಲ್, ಅರ್ನೆಸ್ಟ್ ಮೆಕ್‌ಕುಲಕ್ ಎಂಬಿಬ್ಬರು ವಿಕಿರಣದಿಂದ ಮಜ್ಜೆ ನಾಶವಾದ ಇಲಿಗಳಿಗೆ ಬೇರೆ ಇಲಿಗಳ ಮಜ್ಜೆಯನ್ನು ಕೊಟ್ಟು, ಅವುಗಳ ಗುಲ್ಮದಲ್ಲಿ ಚಿಕ್ಕ ಚಿಕ್ಕ ಗಂಟುಗಳೆದ್ದುದನ್ನು ಎಣಿಸಿ, ಒಂದೊಂದು ಗಂಟೂ ಒಂದೊಂದೇ ಮೂಲಕೋಶದ ಸಂತಾನವೆಂಬ ತೀರ್ಮಾನದ ಕಡೆಗೆ ಹೆಜ್ಜೆಯಿಟ್ಟರು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಅಲೆಗ್ಸಾಂಡರ್ ಮೌರೊ ಸ್ನಾಯುತಂತುಗಳ ಅಂಚಿನಲ್ಲಿ ಸುಪ್ತವಾಗಿರುವ ಕೋಶಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡನು. ಫಿಲಡೆಲ್ಫಿಯಾದಲ್ಲಿ ಲೆನರ್ಡ್ ಹೇಫ್ಲಿಕ್, ಪಾಲ್ ಮೂರ್‌ಹೆಡ್ ಇಬ್ಬರೂ ಮನುಷ್ಯನ ಸಾಮಾನ್ಯ ಕೋಶಗಳು ಸುಮಾರು 50 ಬಾರಿ ಇಬ್ಭಾಗವಾದ ಮೇಲೆ ನಿಂತುಬಿಡುವುವೆಂದು ತೋರಿಸಿ, ಕೋಳಿಯ ಹೃದಯದ ಕೋಶಗಳನ್ನು ಅಮರವಾಗಿ ಇಟ್ಟಿರುವೆನೆಂದು 1912ರಿಂದ ಅಲೆಕ್ಸಿ ಕ್ಯಾರೆಲನು ಮಾಡಿಕೊಂಡು ಬಂದಿದ್ದ ವಾದವನ್ನು ಕೆಡವಿದರು. ಮಗನ ಯೌವನವನ್ನು ಪಡೆಯಬಯಸಿದ ದೊರೆಯ ಕಥೆಯನ್ನು ಗಿರೀಶ ಕಾರ್ನಾಡರು ‘ಯಯಾತಿ’ ನಾಟಕವಾಗಿ ಧಾರವಾಡದಲ್ಲಿ ಅಚ್ಚಿಗೆ ತಂದುದೂ 1961ರಲ್ಲಿಯೇ. ಇದು ಕೇವಲ ಆಕಸ್ಮಿಕ. ಆದರೂ ಕನ್ನಡಿಗನಿಗೆ ನೆನೆಯಲು ಹಿತವಾದ ಆಕಸ್ಮಿಕ.

ಹಾಗಾದರೆ ಆಕರಕೋಶಗಳಿಗೂ ಮುಪ್ಪು ಬರುತ್ತದೆಯೇ? ಬರುತ್ತದೆ. ಹಾಲೆಂಡಿನ ಹೆಂಡ್ರಿಕ್ಯೆ ವಾನ್ ಆಂಡೆಲ್-ಸ್ಕಿಪರ್ ಎಂಬಾಕೆ 1890ರಲ್ಲಿ ಹುಟ್ಟಿ, 115 ವರ್ಷ ಬಾಳಿ, 2005ರಲ್ಲಿ ತೀರಿಕೊಂಡರು. ತಮ್ಮ ದೇಹವನ್ನು ವಿಜ್ಞಾನಕ್ಕೆ ಅರ್ಪಿಸಬೇಕೆಂದು ಅವರು ಮೊದಲೇ ನಿಶ್ಚಯಿಸಿದ್ದರು. 2014ರಲ್ಲಿ ಪ್ರಕಟವಾದ ಅಧ್ಯಯನವು ಅವರ ರಕ್ತದ ಬಿಳಿಕಣಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕೇವಲ ಎರಡು ಆಕರಕೋಶಗಳ ಸಂತತಿಯೆಂದು ತಿಳಿಸಿತು. ಯೌವನದಲ್ಲಿ ಸಾವಿರಾರು ಮೂಲಗಳಿಂದ ಹರಿದುಬರುತ್ತಿದ್ದ ರಕ್ತವು ಕೊನೆಗೆ ಎರಡೇ ಮೂಲಗಳನ್ನು ಆಶ್ರಯಿಸಿದ್ದಿತು. ಇದು ಅತಿದೀರ್ಘಾಯುಷಿಯೊಬ್ಬರ ವಿಚಾರವೆಂದು ಬಿಡುವಂತಿಲ್ಲ. ಅದೇ 2014ರಲ್ಲಿ ಬೇರೆ ಸಂಶೋಧಕರು, 70 ವರ್ಷ ದಾಟಿದವರಲ್ಲಿ ಹತ್ತರಲ್ಲೊಬ್ಬರಿಗೂ ಮಿಕ್ಕವರಲ್ಲಿ, ಉತ್ಪರಿವರ್ತನೆಗೊಂಡ ಒಂದು ಆಕರಕೋಶದ ವಂಶವು ಇತರ ವಂಶಗಳನ್ನು ಒತ್ತರಿಸಿ ರಕ್ತದಲ್ಲಿ ಹಬ್ಬಿಕೊಂಡಿರುವುದನ್ನೂ, ಅಂಥವರಲ್ಲಿ ರಕ್ತದ ಕ್ಯಾನ್ಸರಿನ ಸಂಭವವು ಹೆಚ್ಚಿರುವುದನ್ನೂ ಕಂಡುಕೊಂಡರು. ಹೃದ್ರೋಗದ ಸಂಭವವೂ ಹೆಚ್ಚೆಂದು ಗೊತ್ತಾದುದು ಇನ್ನೂ ಆಶ್ಚರ್ಯಕರ. ವಾರ್ಧಕ್ಯದ ಮುಖ್ಯ ಲಕ್ಷಣಗಳನ್ನು 2013ರಲ್ಲಿ ಪಟ್ಟಿಮಾಡಿದ ವಿದ್ವಾಂಸರು ಆಕರಕೋಶಗಳ ಬರಿದಾಗುವಿಕೆಯನ್ನು ಅವುಗಳಲ್ಲಿ ಒಂದಾಗಿ ಎಣಿಸಿರುವರು. ಒಂದು ಎಂಬುದನ್ನು ಓದುಗರು ಗಮನಿಸಬೇಕು. ಅವರ ಪಟ್ಟಿಯಲ್ಲಿ ಒಂಬತ್ತು ಲಕ್ಷಣಗಳಿದ್ದುವು, ಹತ್ತು ವರ್ಷಗಳ ಮೇಲೆ ಅವು ಹನ್ನೆರಡಾದುವು. ಒಂದನ್ನು ಸರಿಪಡಿಸಿದ ಮಾತ್ರಕ್ಕೆ ಉಳಿದವು ತಾವಾಗಿ ನೆಟ್ಟಗಾಗುವುವೆಂದು ಯಾರೂ ಸಾಧಿಸಿ ತೋರಿಸಿಲ್ಲ.

ಇನ್ನೊಂದು ಸಂಗತಿಯು ಇದಕ್ಕಿಂತಲೂ ಸೂಕ್ಷ್ಮವಾದುದು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ಮುದಿ ಇಲಿಯನ್ನೂ ಎಳೆಯ ಇಲಿಯನ್ನೂ ಪಕ್ಕಕ್ಕೆ ಪಕ್ಕ ಹೊಲಿದು, ಎರಡರ ರಕ್ತವೂ ಬೆರೆತು ಹರಿಯುವಂತೆ ಮಾಡಿ, ಮುದಿ ಇಲಿಯ ಸ್ನಾಯುವಿಗೆ ಗಾಯಮಾಡಿ ನೋಡಿದರು. ಸ್ನಾಯುವಿನ ಆಕರಕೋಶಗಳು ಎಳೆಯ ಪ್ರಾಣಿಯಲ್ಲಿದ್ದಂತೆಯೇ ಎಚ್ಚೆತ್ತು ಗಾಯವನ್ನು ಮಾಯಿಸಿದುವು ಎಂದು 2005ರಲ್ಲಿ ವರದಿಮಾಡಿದರು. ಹಳೆಯ ಬಾವಿಯಲ್ಲಿ ನೀರು ತಳಕಂಡಾಗ ಒರತೆಯೇ ಬತ್ತಿಹೋಯಿತೆಂದು ಅವಸರಪಟ್ಟು ತೀರ್ಮಾನಿಸುವುದುಂಟು. ಹೂಳು ತೆಗೆಸಿದ ಮೇಲೆ ಅದೇ ಒರತೆಯು ಮತ್ತೆ ಜಿನುಗುವುದೂ ಉಂಟು. ಮುದಿ ದೇಹದಲ್ಲಿ ಕೋಶಗಳು ಎಷ್ಟೋ ವೇಳೆ ಸತ್ತಿರುವುದಿಲ್ಲ, ಸುತ್ತಲಿನ ಪರಿಸರದಿಂದ ತಡೆಯಲ್ಪಟ್ಟಿರುತ್ತವೆ ಎಂಬುದೇ ಆ ಪ್ರಯೋಗದ ತಾತ್ಪರ್ಯ. ಹಾಗಿದ್ದ ಪಕ್ಷದಲ್ಲಿ, ಅದೇ ಹೂಳಿನೊಳಕ್ಕೆ ಹೊರಗಿನಿಂದ ಹೊಸ ಕೋಶಗಳನ್ನು ಸುರಿದರೆ ಅವುಗಳ ಗತಿಯೂ ಹಳೆಯವುಗಳದೇ ಆಗದೆ? ಈ ಪ್ರಶ್ನೆಯನ್ನು ಕೇಳಿಕೊಳ್ಳುವ ತಾಳ್ಮೆಯಿಲ್ಲದ ಕೆಲವರು ಅಮೆರಿಕದಲ್ಲಿ ತರುಣರ ರಕ್ತರಸವನ್ನು ಸಾವಿರಾರು ಡಾಲರಿಗೆ ವೃದ್ಧರಿಗೆ ಏರಿಸತೊಡಗಿದರು. ಯಯಾತಿಯ ಹಂಬಲವು ಹೀಗೆ ವ್ಯಾಪಾರದ ರೂಪವನ್ನು ತಾಳಿತು. ಇದರಿಂದ ಪ್ರಯೋಜನವು ಸಿದ್ಧವಾಗಿಲ್ಲ, ಅಪಾಯವುಂಟು ಎಂದು ಆ ದೇಶದ ಔಷಧ ಆಡಳಿತವು 2019ರ ಫೆಬ್ರವರಿಯಲ್ಲಿ ಬಹಿರಂಗವಾಗಿ ಎಚ್ಚರಿಸಬೇಕಾಯಿತು.

ಇಂಥ ಹಂಬಲವೇನೂ ಹೊಸದಲ್ಲ. 1889ರಲ್ಲಿ, ತನ್ನ 72ನೆಯ ವಯಸ್ಸಿನಲ್ಲಿ, ಶರೀರಶಾಸ್ತ್ರಜ್ಞನೆಂದು ಯೂರೋಪಿನಲ್ಲೆಲ್ಲ ಮಾನ್ಯನಾಗಿದ್ದ ಬ್ರೌನ್-ಸೆಕಾರನು ನಾಯಿಗಳ ಮತ್ತು ಗಿನಿಯಿಲಿಗಳ ವೃಷಣದ ಸಾರವನ್ನು ತನಗೆ ತಾನೇ ಚುಚ್ಚಿಕೊಂಡು, ತಾರುಣ್ಯದ ಬಲವು ಮರಳಿತೆಂದು ಪ್ಯಾರಿಸ್ಸಿನ ವಿದ್ವತ್ಸಭೆಯ ಮುಂದೆ ಹೇಳಿದನು. ಐದು ವರ್ಷಗಳಲ್ಲಿ ತೀರಿಕೊಂಡನು. 1920ರ ದಶಕದಲ್ಲಿ ಸರ್ಜ್ ವೊರೊನಾಫನು ಕೋತಿಯ ಗ್ರಂಥಿಯ ಚೂರುಗಳನ್ನು ಶ್ರೀಮಂತ ವೃದ್ಧರಿಗೆ ಕಸಿಮಾಡಿ ಜಗತ್ಪ್ರಸಿದ್ಧನಾದನು. ಸ್ವಿಟ್ಜರ್ಲೆಂಡಿನ ಪಾಲ್ ನೀಹಾನ್ಸನು ಕುರಿಯ ಭ್ರೂಣಕೋಶಗಳನ್ನು ಚುಚ್ಚುವ ಪದ್ಧತಿಯನ್ನು ನಡೆಸಿದನು. ಅವನ ಚಿಕಿತ್ಸೆಯನ್ನು ಪಡೆದವರಲ್ಲಿ ಹನ್ನೆರಡನೆಯ ಪಯಸ್ ಪೋಪರೂ ಒಬ್ಬರು. ನಮ್ಮ ದೇಶದಲ್ಲಿ ಪಂಡಿತ ಮದನಮೋಹನ ಮಾಳವೀಯರಂಥ ಮಹನೀಯರು 1938ರಲ್ಲಿ, 76 ವರ್ಷದವರಾಗಿದ್ದಾಗ, ತಪಸೀ ಬಾಬಾ ಎಂಬ ಸಾಧುವಿನ ಉಪದೇಶದಂತೆ ಕುಟೀಪ್ರವೇಶ ಮಾಡಿ ಕಾಯಕಲ್ಪವನ್ನು ಆಚರಿಸಿದರು. ಇವರಾರೂ ಮೂಢರಲ್ಲ. ಮಾಡಬೇಕಾದ ಕಾರ್ಯವು ಇನ್ನೂ ಉಳಿದಿರುವಾಗ ದೇಹವು ಕೈಬಿಡುತ್ತಿರುವುದನ್ನು ಕಂಡು ಸಂಕಟಪಡುವುದು ಮಾನವ ಸಹಜ. ಆ ಸಂಕಟವನ್ನು ಹಗುರವಾಗಿ ಕಾಣುವ ಅಧಿಕಾರವು ಯಾರಿಗೂ ಇಲ್ಲ. ಅದನ್ನು ಹಣವಾಗಿ ಪರಿವರ್ತಿಸಿಕೊಳ್ಳುವವರನ್ನು ಕ್ಷಮಿಸುವ ಕಾರಣವೂ ಇಲ್ಲ.

ಈ ಕ್ಷೇತ್ರದಲ್ಲಿ ನಿಜವಾದ ತಿರುವು ಬಂದುದು 2006ರಲ್ಲಿ, ಜಪಾನಿನ ಕ್ಯೋಟೊ ನಗರದಲ್ಲಿ. ಬೆಳೆದ ಕೋಶವು ಹಿಂದಿರುಗಲಾರದು ಎಂಬ ನಂಬಿಕೆಯನ್ನು 1962ರಲ್ಲಿಯೇ ಇಂಗ್ಲೆಂಡಿನ ಜಾನ್ ಗರ್ಡನ್ ಕಪ್ಪೆಗಳ ಮೇಲಣ ಪ್ರಯೋಗಗಳಿಂದ ಅಲುಗಿಸಿದ್ದನು. ಶಿನ್ಯ ಯಮನಾಕ 24 ವಂಶವಾಹಿಗಳನ್ನು ಆರಿಸಿಕೊಂಡು ಪರೀಕ್ಷಿಸುತ್ತ, ಅವುಗಳಲ್ಲಿ ನಾಲ್ಕೇ ಸಾಕೆಂದೂ, ಆ ನಾಲ್ಕನ್ನು ಸೇರಿಸಿದರೆ ಇಲಿಯ ತೊಗಲಿನ ಕೋಶವು ಭ್ರೂಣಕೋಶದಂತೆ ಯಾವ ಅಂಗವಾಗಿ ಬೇಕಾದರೂ ಬೆಳೆಯಬಲ್ಲ ಸ್ಥಿತಿಗೆ ಮರಳುವುದೆಂದೂ ತೋರಿಸಿಕೊಟ್ಟನು. ಮರುವರ್ಷ ಮನುಷ್ಯನ ಕೋಶಗಳಲ್ಲಿಯೂ ಅದು ಸಾಧ್ಯವಾಯಿತು. 2012ರಲ್ಲಿ ಗರ್ಡನ್ ಮತ್ತು ಯಮನಾಕ ಇಬ್ಬರಿಗೂ ನೊಬೆಲ್ ಪಾರಿತೋಷಕವು ಸಂದಿತು. ಶತಾಯುಷಿಗಳ ಕೋಶಗಳನ್ನು ಹೀಗೆಯೇ ಹಿಂದಿರುಗಿಸಿದಾಗ ಅವುಗಳ ಮುಪ್ಪಿನ ಗುರುತುಗಳು ಅಳಿಸಿಹೋದುವೆಂದು 2011ರಲ್ಲಿ ಫ್ರಾನ್ಸಿನ ಸಂಶೋಧಕರು ತಿಳಿಸಿದರು. ಕೋಶದ ಮಟ್ಟದಲ್ಲಿ ಮುಪ್ಪು ಹಿಂದಿರುಗಿಸಲಾರದುದಲ್ಲ ಎಂಬ ಈ ಅರಿವು ನಮ್ಮ ಕಾಲದ ಮಹತ್ತರವಾದ ಜ್ಞಾನಗಳಲ್ಲೊಂದೆಂದು ನಾನು ಭಾವಿಸುತ್ತೇನೆ. ಆದರೆ ಕೋಶವು ದೇಹವಲ್ಲ. ಅದೇ ನಾಲ್ಕು ವಂಶವಾಹಿಗಳನ್ನು ಬದುಕಿರುವ ಇಲಿಯ ಮೈಯೊಳಗೇ ಚುರುಕುಗೊಳಿಸಿದಾಗ ಅಂಗಾಂಗಗಳಲ್ಲಿ ಗಂತಿಗಳು ಬೆಳೆದುವೆಂದು 2013ರಲ್ಲಿ ಸ್ಪೇನಿನಿಂದ ವರದಿ ಬಂದಿತು. 2016ರಲ್ಲಿ ಕ್ಯಾಲಿಫೋರ್ನಿಯಾದ ಸಾಕ್ ಸಂಸ್ಥೆಯವರು ಆ ವಂಶವಾಹಿಗಳನ್ನು ಸ್ವಲ್ಪಕಾಲ ಮಾತ್ರ ಎಬ್ಬಿಸಿ ಮತ್ತೆ ಮಲಗಿಸುತ್ತ ಬಂದು, ಅಕಾಲ ವಾರ್ಧಕ್ಯದ ದೋಷವುಳ್ಳ ಇಲಿಗಳ ಆಯುಷ್ಯವನ್ನು ಸುಮಾರು ಮೂರರಲ್ಲೊಂದು ಪಾಲು ಹೆಚ್ಚಿಸಿದರು. ಇಲಿಗಳಲ್ಲಿ ಕಂಡ ಆ ಸಮತೋಲವು ಮನುಷ್ಯನಲ್ಲಿ ಸಾಧ್ಯವೆಂದು ಇನ್ನೂ ಸಿದ್ಧವಾಗಿಲ್ಲ.

ಮನುಷ್ಯನಲ್ಲಿ ಸಾಧಿತವಾಗುತ್ತಿರುವುದು ಇದಕ್ಕಿಂತ ವಿನಯಶೀಲವಾದುದು, ಆದುದರಿಂದಲೇ ಹೆಚ್ಚು ನಂಬತಕ್ಕದ್ದು. ಪಾರ್ಕಿನ್ಸನ್ ರೋಗದಲ್ಲಿ ಮಿದುಳಿನ ಒಂದು ನಿಯತ ಸ್ಥಾನದ, ಡೋಪಮಿನ್ ಎಂಬ ದ್ರವ್ಯವನ್ನು ಸ್ರವಿಸುವ ಕೋಶಗಳು ಅಳಿಯುತ್ತವೆ. ಕೈ ನಡುಗುವುದು, ನಡಿಗೆ ಕಟ್ಟಿಕೊಳ್ಳುವುದು, ಮುಖವು ಭಾವಹೀನವಾಗುವುದು ಇವೆಲ್ಲಕ್ಕೂ ಅದೇ ಮೂಲ. ಯಾವ ಕೋಶ, ಯಾವ ಸ್ಥಾನ, ಯಾವ ಕಾರ್ಯ ಎಂಬ ಮೂರೂ ಇಲ್ಲಿ ಗೊತ್ತಿವೆ. 1980ರ ದಶಕದ ಕೊನೆಯಿಂದ ಸ್ವೀಡನ್ನಿನ ಲುಂಡ್ ನಗರದಲ್ಲಿ ಗರ್ಭಪಾತವಾದ ಭ್ರೂಣಗಳ ಮಿದುಳಿನ ಕೋಶಗಳನ್ನು ಇಂಥ ರೋಗಿಗಳಿಗೆ ಕಸಿಮಾಡಿ ನೋಡಿದರು. ಕೆಲವರಿಗೆ ಬಹುಮಟ್ಟಿನ ಗುಣ ಕಂಡಿತು. ಆದರೆ 2001ರಲ್ಲಿ ಅಮೆರಿಕದವರು 40 ರೋಗಿಗಳಲ್ಲಿ ಅರ್ಧಮಂದಿಗೆ ನಿಜವಾದ ಕಸಿಯನ್ನೂ ಉಳಿದವರಿಗೆ ಬರಿಯ ತೋರಿಕೆಯ ಶಸ್ತ್ರಕ್ರಿಯೆಯನ್ನೂ ಮಾಡಿ ಹೋಲಿಸಿದಾಗ, 60 ವರ್ಷ ಮೀರಿದವರಲ್ಲಿ ಲಾಭವು ಕಾಣಲಿಲ್ಲ. ಕೆಲವರಲ್ಲಿ ಅನಿಚ್ಛಾಪೂರ್ವಕವಾದ ಚಲನೆಗಳು ಹೊಸ ಪೀಡೆಯಾಗಿ ಅಂಟಿಕೊಂಡುವು. ಆ ಸೋಲಿನಿಂದ ಪಾಠ ಕಲಿತವರು ಇಪ್ಪತ್ತು ವರ್ಷಗಳಿಗೂ ಮಿಕ್ಕು ದುಡಿದ ಮೇಲೆ, 2025ರ ಏಪ್ರಿಲಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಎರಡು ವರದಿಗಳು ಒಟ್ಟಿಗೆ ಹೊರಬಂದುವು: ಒಂದು, ಮಸಾಯೊ ಅವರ ಪತಿ ಜುನ್ ತಕಹಾಶಿ ಕ್ಯೋಟೊದಲ್ಲಿ ಯಮನಾಕನ ವಿಧಾನದ ಕೋಶಗಳಿಂದ 7 ಮಂದಿಗೆ ಮಾಡಿದ ಕಸಿ; ಇನ್ನೊಂದು, ಭ್ರೂಣದ ಆಕರಕೋಶಗಳಿಂದ ಬೆಳೆಸಿದ ಕೋಶಗಳನ್ನು ಅಮೆರಿಕ ಮತ್ತು ಕೆನಡಾಗಳಲ್ಲಿ 12 ಮಂದಿಗೆ ಮಾಡಿದ ಕಸಿ. ಗಂತಿಗಳು ಹುಟ್ಟಲಿಲ್ಲ, ಕಸಿಯಾದ ಕೋಶಗಳು ಬದುಕಿ ಡೋಪಮಿನ್ ತಯಾರಿಸಿದುವು, ಹಲವರಲ್ಲಿ ಚಲನೆಯು ಉತ್ತಮಗೊಂಡಿತು. ಸಂಖ್ಯೆಯು ಅಲ್ಪ, ಹೋಲಿಕೆಗೆ ಬೇರೆ ಗುಂಪಿರಲಿಲ್ಲ, ಆ ಸಂಶೋಧಕರೇ ಇದನ್ನು ಗುಣವೆಂದು ಸಾರಲಿಲ್ಲ. ಮುಪ್ಪಿನ ರೋಗಗಳ ವಿಷಯದಲ್ಲಿ ನನಗೆ ಅತ್ಯಂತ ಭರವಸೆಯನ್ನು ಕೊಟ್ಟಿರುವ ಕಾರ್ಯವು ಇದೇ.

ನಮ್ಮವರಿಗೆ ಇದಕ್ಕಿಂತ ಹತ್ತಿರವಾದುದು ಮೊಣಕಾಲಿನ ನೋವು. ಮಂಡಿಯ ಸವೆತದಿಂದ ಮೆಟ್ಟಿಲು ಹತ್ತಲಾರದ, ಚಕ್ಕಳಮಕ್ಕಳ ಹಾಕಿ ಕೂರಲಾರದ ಹಿರಿಯರಿಲ್ಲದ ಮನೆಯು ಅಪರೂಪ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯು ಆರೋಗ್ಯವಂತ ದಾನಿಗಳ ಅಸ್ಥಿಮಜ್ಜೆಯಿಂದ ಬೆಳೆಸಿದ ಕೋಶಗಳ ಔಷಧಕ್ಕೆ ಮೊದಲು ಕಾಲಿನ ರಕ್ತನಾಳಗಳು ಮುಚ್ಚಿಕೊಳ್ಳುವ ರೋಗದಲ್ಲಿಯೂ, 2022ರಲ್ಲಿ ಮಂಡಿಯ ಸವೆತದಲ್ಲಿಯೂ ಕೇಂದ್ರ ಔಷಧ ನಿಯಂತ್ರಕರ ಅನುಮತಿಯು ದೊರೆಯಿತು. 146 ರೋಗಿಗಳ ಪರೀಕ್ಷೆಯಲ್ಲಿ, ಎರಡೂವರೆ ಕೋಟಿ ಕೋಶಗಳ ಒಂದೇ ಚುಚ್ಚುಮದ್ದು, ಔಷಧವಿಲ್ಲದ ಚುಚ್ಚುಮದ್ದಿಗಿಂತ ನೋವನ್ನೂ ಬಿಗಿತವನ್ನೂ ಹೆಚ್ಚಾಗಿ ತಗ್ಗಿಸಿತೆಂದು ಕಂಡುಬಂದಿತು. ಇದು ಶ್ಲಾಘ್ಯವಾದ ಕಾರ್ಯ. ನಿಯಮಗಳಿಗೆ ತಲೆಬಾಗಿ, ಹಂತಹಂತವಾಗಿ ಪರೀಕ್ಷೆಗಳನ್ನು ಮುಗಿಸಿ ಬಂದ ದಾರಿಯಾದುದರಿಂದ ಇನ್ನೂ ಹೆಚ್ಚು ಶ್ಲಾಘ್ಯ. ಆದರೆ 2023ರಲ್ಲಿ ಅಮೆರಿಕದಲ್ಲಿ 400ಕ್ಕೂ ಹೆಚ್ಚು ಮಂದಿಯ ಮೇಲೆ ನಡೆದ ಪರೀಕ್ಷೆಯೊಂದರಲ್ಲಿ ಮೂರು ಬಗೆಯ ಕೋಶಗಳನ್ನು, ಎಂದರೆ ರೋಗಿಯದೇ ಮಜ್ಜೆಯವು, ಕೊಬ್ಬಿನವು, ಮತ್ತು ಹೊಕ್ಕುಳಬಳ್ಳಿಯವುಗಳನ್ನು, ಬಹುಕಾಲದಿಂದ ಬಳಕೆಯಲ್ಲಿರುವ ಅಗ್ಗದ ಸ್ಟೆರಾಯ್ಡ್ ಚುಚ್ಚುಮದ್ದಿನೊಡನೆ ಹೋಲಿಸಿದಾಗ, ವರ್ಷದ ಕೊನೆಗೆ ಯಾವುದೂ ಅದಕ್ಕಿಂತ ಮೇಲೆನಿಸಲಿಲ್ಲ. ಒಂದು ಪರೀಕ್ಷೆಯು ಕೇಳಿದ ಪ್ರಶ್ನೆ ಏನೂ ಇಲ್ಲದುದಕ್ಕಿಂತ ಮೇಲೋ ಎಂಬುದು. ಇನ್ನೊಂದರದು ಈಗಾಗಲೇ ಇರುವುದಕ್ಕಿಂತ ಮೇಲೋ ಎಂಬುದು. ಕೋಶಗಳೂ ಬೇರೆ ಬೇರೆ. ಎರಡನ್ನೂ ನಿಜವೆಂದು ಒಪ್ಪಬಹುದು; ಸವೆದ ಮೃದ್ವಸ್ಥಿಯು ಮತ್ತೆ ಹೊಸದಾಗಿ ಬೆಳೆದು ಮಂಡಿಯು ಯೌವನದ ಮಂಡಿಯಾಗುವುದೆಂದು ಮಾತ್ರ ಎರಡರಿಂದಲೂ ಸಿದ್ಧವಾಗುವುದಿಲ್ಲ.

ಮಜ್ಜೆಯಿಂದಲೂ ಕೊಬ್ಬಿನಿಂದಲೂ ತೆಗೆದ ಈ ಬಗೆಯ ಕೋಶಗಳು ದೇಹದೊಳಕ್ಕೆ ಹೋದ ಮೇಲೆ ಬಹುಕಾಲ ಉಳಿಯುವುದಿಲ್ಲ. ರಕ್ತನಾಳಕ್ಕೆ ಕೊಟ್ಟವುಗಳಲ್ಲಿ ಹೆಚ್ಚಿನವು ಶ್ವಾಸಕೋಶಗಳಲ್ಲಿ ಸಿಕ್ಕಿಕೊಂಡು ಕೆಲವೇ ದಿನಗಳಲ್ಲಿ ಅಳಿಯುತ್ತವೆ. ಫಲವೇನಾದರೂ ಇದ್ದರೆ, ಅದು ಅವು ಸ್ರವಿಸುವ, ಉರಿಯೂತವನ್ನು ಶಮನಗೊಳಿಸುವ ದ್ರವ್ಯಗಳಿಂದ ಎಂಬುದು ಈಗಿನ ಅಭಿಪ್ರಾಯ. ವೃದ್ಧಾಪ್ಯದ ದೌರ್ಬಲ್ಯಕ್ಕೇ ಇವನ್ನು ಕೊಟ್ಟು ನೋಡಿದ ಪರೀಕ್ಷೆಗಳೂ ನಡೆದಿವೆ: ಮಯಾಮಿಯ ವೈದ್ಯರು ತರುಣ ದಾನಿಗಳ ಮಜ್ಜೆಕೋಶಗಳನ್ನು 30 ಮಂದಿ ವೃದ್ಧರ ಮೇಲೆ ಪರೀಕ್ಷಿಸಿದ ವರದಿಯು 2017ರಲ್ಲಿ ಪ್ರಕಟವಾಯಿತು, 10 ಕೋಟಿ ಕೋಶಗಳನ್ನು ಪಡೆದವರ ನಡಿಗೆಯು ಸುಧಾರಿಸಿತು, 20 ಕೋಟಿ ಪಡೆದವರಲ್ಲಿ ಆ ಮಟ್ಟಿನ ಫಲವು ಕಾಣಲಿಲ್ಲ. ಮುಂದುವರಿಸಿ ನೋಡತಕ್ಕ ಸಂಗತಿಯಿದು. ಮಾರಾಟ ಮಾಡತಕ್ಕ ಸಂಗತಿಯಲ್ಲ.

ಮಾರುವವರಾದರೋ ಎಲ್ಲೆಡೆಯೂ ಇರುವರು. ಪಾರ್ಶ್ವವಾಯುವಿನಿಂದ ಒಂದು ಪಕ್ಕವು ಸ್ವಾಧೀನ ತಪ್ಪಿದ್ದ 66 ವರ್ಷದ ಅಮೆರಿಕದ ರೋಗಿಯೊಬ್ಬರು ಚೀನ, ಅರ್ಜೆಂಟೀನ, ಮೆಕ್ಸಿಕೊ ದೇಶಗಳ ಚಿಕಿತ್ಸಾಲಯಗಳಿಗೆ ಅಲೆದು ಬೆನ್ನುಹುರಿಯ ದ್ರವಕ್ಕೆ ಕೋಶಗಳನ್ನು ಹಾಕಿಸಿಕೊಂಡರು. ಆಮೇಲೆ ಅವರ ಬೆನ್ನೆಲುಬಿನ ನಾಳದಲ್ಲಿ ಗಡ್ಡೆಯೊಂದು ಬೆಳೆದು ಸ್ವಸ್ಥವಾಗಿದ್ದ ಅವಯವಗಳೂ ಕ್ಷೀಣಿಸತೊಡಗಿದುವು. ಆ ಗಡ್ಡೆಯ ಕೋಶಗಳು ಬಹುಪಾಲು ಅವರವಲ್ಲವೆಂದು, ಬೇರೆಯವರಿಂದ ಬಂದವುಗಳೆಂದು 2016ರಲ್ಲಿ ಪರೀಕ್ಷಕರು ಬರೆದಿರುವರು. ಆಕರಕೋಶದ ಶಕ್ತಿಯೂ ಅಪಾಯವೂ ಒಂದೇ ಗುಣದಿಂದ ಬಂದವುಗಳು: ಬೆಳೆಯಬಲ್ಲ ಕೋಶವು, ಬೆಳೆಯಬಾರದಲ್ಲಿಯೂ ಬೆಳೆಯಬಲ್ಲುದು.

ನಮ್ಮ ದೇಶದ ನಿಯಮವು ಈ ವಿಷಯದಲ್ಲಿ ಸಂದಿಗ್ಧವಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಜೈವಿಕ ತಂತ್ರಜ್ಞಾನ ಇಲಾಖೆಯೂ 2007ರಲ್ಲಿ ಹೊರಡಿಸಿ, 2013ರಲ್ಲಿಯೂ 2017ರಲ್ಲಿಯೂ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ, ರಕ್ತಸಂಬಂಧವಾದ ರೋಗಗಳಲ್ಲಿ ಮಾಡುವ ಮಜ್ಜೆಯ ಕಸಿ ಮುಂತಾದ ಸ್ಥಿರಪಟ್ಟ ಚಿಕಿತ್ಸೆಗಳನ್ನೂ, ನಿಯಂತ್ರಕರು ಅನುಮತಿಸಿದ ಔಷಧಗಳನ್ನೂ ಬಿಟ್ಟರೆ, ಉಳಿದ ಆಕರಕೋಶ ಪ್ರಯೋಗಗಳೆಲ್ಲವೂ ಸಂಶೋಧನೆಯೇ. ಸಂಶೋಧನೆಗೆ ಒಳಗಾಗುವವರಿಂದ ಹಣ ಪಡೆಯುವುದು ನೀತಿಬಾಹಿರ. 2019ರ ಹೊಸ ಔಷಧ ನಿಯಮಗಳು, ಪರೀಕ್ಷೆಯಿಂದ ಹಾನಿಯಾದಲ್ಲಿ ಉಚಿತ ಶುಶ್ರೂಷೆಯನ್ನೂ ಪರಿಹಾರವನ್ನೂ ಕೊಡಬೇಕೆಂದು ವಿಧಿಸಿವೆ. ಒಳ್ಳೆಯ ಕೆಲಸವೂ ನಮ್ಮಲ್ಲಿಲ್ಲದಿಲ್ಲ: ಸುಣ್ಣದಿಂದಲೋ ಆಮ್ಲದಿಂದಲೋ ಸುಟ್ಟ ಕಣ್ಣುಗಳಿಗೆ ಕಾರ್ನಿಯಾದ ಅಂಚಿನ ಆಕರಕೋಶಗಳನ್ನು ಕಸಿಮಾಡುವ ಸರಳ ವಿಧಾನವೊಂದನ್ನು ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರಸಂಸ್ಥೆಯ ವೈದ್ಯರು 2012ರಲ್ಲಿ ಲೋಕಕ್ಕೆ ಕೊಟ್ಟರು. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯು 2009ರಿಂದ ಈ ಕೋಶಗಳ ಮೂಲಭೂತ ಅಧ್ಯಯನದಲ್ಲಿ ತೊಡಗಿದೆ. ನಿಯಮವಿದೆ, ವಿದ್ವತ್ತಿದೆ, ಸಾಲದಾಗಿರುವುದು ನಿಯಮವನ್ನು ಮೀರಿದವರನ್ನು ತಡೆಯುವ ದೃಢತೆ.

ಆದುದರಿಂದ ಹಿರಿಯರಲ್ಲಿಯೂ, ಅವರಿಗಾಗಿ ಆಸ್ಪತ್ರೆಯಿಂದಾಸ್ಪತ್ರೆಗೆ ಅಲೆಯುವ ಮಕ್ಕಳಲ್ಲಿಯೂ ನನ್ನದೊಂದು ಪ್ರಾರ್ಥನೆ. ಆಕರಕೋಶ ಚಿಕಿತ್ಸೆಯನ್ನು ಯಾರಾದರೂ ಸೂಚಿಸಿದಲ್ಲಿ, ಕೋಶವು ಎಲ್ಲಿಂದ ತೆಗೆದುದು, ಯಾವ ಅಂಗದಲ್ಲಿ ಯಾವ ಕೆಲಸವನ್ನು ಮಾಡತಕ್ಕದ್ದು, ನಿಮ್ಮ ರೋಗಕ್ಕೆ ಔಷಧ ನಿಯಂತ್ರಕರ ಅನುಮತಿಯುಂಟೇ ಎಂದು ನೇರವಾಗಿ ಕೇಳಿರಿ. ಇದು ಪ್ರಯೋಗವೆಂದು ಉತ್ತರ ಬಂದರೆ ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ಸಂಖ್ಯೆಯನ್ನೂ ನೀತಿಸಮಿತಿಯ ಒಪ್ಪಿಗೆಪತ್ರವನ್ನೂ ನೋಡಬಯಸಿರಿ. ಫ್ಲಾರಿಡಾದ ಆ ಸ್ತ್ರೀಯರ ಅನುಭವವು ತೋರಿಸುವಂತೆ, ನೋಂದಣಿಯೊಂದೇ ಸುರಕ್ಷತೆಯ ಮುದ್ರೆಯಲ್ಲವೆಂಬುದನ್ನೂ ಮರೆಯದಿರಿ. ನಿಮ್ಮನ್ನು ಬಹುಕಾಲದಿಂದ ಬಲ್ಲ, ಆ ಚಿಕಿತ್ಸೆಯಿಂದ ತಮಗೇನೂ ಲಾಭವಿಲ್ಲದ ವೈದ್ಯರೊಬ್ಬರಿಗೆ ಆ ಕಾಗದಗಳನ್ನು ತೋರಿಸಿರಿ. ಪ್ರಯೋಗವೆಂದು ಹೇಳಿ ನಿಮ್ಮಿಂದಲೇ ಹಣವನ್ನು ಕೇಳಿದರೆ, ಸಹಿ ಹಾಕದೆ ಎದ್ದು ಬನ್ನಿರಿ.